ಅಕ್ಕೋರಾಗಿದ್ದ ಅಜ್ಜಿಯ ಬಗ್ಗೆ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ನಮ್ಮ ಅಜ್ಜಿ (ಅಪ್ಪನ ಅಮ್ಮ) ಸರ್ಕಾರಿ ಕನ್ನಡ ಶಾಲೆಗಳಲ್ಲಿ 38 ವರ್ಷ ಶಿಕ್ಷಕಿಯಾಗಿದ್ದು 2002ರಲ್ಲಿ ನಿವೃತ್ತರಾದರು. ಹೋದ ವರ್ಷ ತೀರಿಕೊಂಡರು. ಅವರ ಮಾತು ಮೀರಿ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ. ವರ್ಷಾಂತಿಕದ ಹೊತ್ತಿಗೆ ಒಂದು ಸಣ್ಣ ನೆನಪಿನ ಪುಸ್ತಕ ತರೋಣ ಎಂದು ಎಲ್ಲರೂ ಸೇರಿ ಕೆಲಸ ನನಗೆ ವಹಿಸಿದ್ದಾರೆ. ಬರೆಯಲು ಕೂತರೆ ‘ಮಮತಾಮಯಿ, ಶಿಸ್ತಿನ ಸಿಪಾಯಿ, ಆದರ್ಶ ಶಿಕ್ಷಕಿ’ ಬಿಟ್ಟು ಬೇರೇನೂ ಬರುತ್ತಿಲ್ಲ. ಹುಟ್ಟಿದ ದಿನವೇ ಎರಡಿವೆ. ಕೆಲವು ವಿಷಯ ಬರೆಯಲೇಬಾರದು ಎಂದು ಅತ್ತೆ (ಅಜ್ಜಿಯ ಹಿರಿ ಮಗಳು) ಹಟ ಹಿಡಿದಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ ಮೂರು ಮಾತುಗಳನ್ನು ಬದಿಗಿಡಿ. ಅವು ಸುಳ್ಳು ಅಂತಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಿವೃತ್ತರಾದ ಯಾವ ಅಕ್ಕೋರ (ಶಿಕ್ಷಕಿಯರನ್ನು ನಮ್ಮ ಕಡೆ ಕರೆಯುವುದು ಹೀಗೆ) ಫೋಟೋ ಕೆಳಗೆ ಬೇಕಾದರೂ ಅವನ್ನು ಹಾಕಬಹುದು, ಹೊಂದಿಕೊಳ್ಳುತ್ತವೆ. ತೊಂದರೆ ಇರುವುದೇ ಅಲ್ಲಿ. ‘ಶಿಸ್ತಿನ ಸಿಪಾಯಿ’ ಎಂದು ಬರೆದಿದ್ದೀರಲ್ಲ, ಅವರು ಏನು ಮಾಡುತ್ತಿದ್ದರು? ಉಗುರು ನೋಡುತ್ತಿದ್ದರಾ? ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುತ್ತಿದ್ದರಾ? ಮಗ್ಗಿ ಬಾರದವರನ್ನು ಊಟಕ್ಕೆ ಬಿಡುತ್ತಿರಲಿಲ್ಲವಾ? ಅದನ್ನು ಕಂಡವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಬರೆಯಿರಿ. ಸಿಗದಿದ್ದರೆ ‘ಶಿಸ್ತು’ ಎಂಬ ಮಾತನ್ನೂ ಬಿಡಿ.

ಶಾಲೆಗಳ ಶತಮಾನೋತ್ಸವದ ಸಂಚಿಕೆ, ಮನೆತನದ ನೆನಪಿನ ಪುಸ್ತಕ, ಇಂಥವನ್ನು ತಿದ್ದಿ ಅಚ್ಚಿಗೆ ಕೊಡುವುದು ನನ್ನ ಕೆಲಸ. ಶಿರಸಿ, ಸಿದ್ದಾಪುರದ ಕಡೆಯಿಂದ ಬಂದರೂ ಅಷ್ಟೇ, ಕಾರವಾರದಿಂದ ಬಂದರೂ ಅಷ್ಟೇ, ಶಿಕ್ಷಕಿಯರ ಬಗೆಗಿನ ಬರಹದಲ್ಲಿ ಒಂದೇ ಕೊರತೆ ಕಾಣುತ್ತದೆ. ಮನೆಯವರು ಬರೆಯುತ್ತಾರೆ. ಮನೆಯವರಿಗೆ ಗೊತ್ತಿರುವುದು ಅರ್ಧ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟ ಮೇಲೆ ಸಂಜೆ ಬರುವ ತನಕ ಅಜ್ಜಿ ಬೇರೆಯವರ ಮಕ್ಕಳ ಎದುರಿಗೆ ಇದ್ದರು. 38 ವರ್ಷ ಹಾಗೆ ನಡೆದಿದೆ. ಆ ಹೊತ್ತಿನ ಅಜ್ಜಿಯನ್ನು ನೀವು ಯಾರೂ ನೋಡಿಲ್ಲ. ಅದಕ್ಕೇ ನನ್ನ ಸಲಹೆ: ಮನೆಯಿಂದ ಶುರು ಮಾಡಬೇಡಿ, ಶಾಲೆಯಿಂದ ಶುರು ಮಾಡಿ.

ಇನ್ನೊಂದು ಕಾರಣವೂ ಇದೆ. ನಮ್ಮ ಜಿಲ್ಲೆಯಲ್ಲಿ ಮಾಸ್ತರುಗಳ ನೆನಪು ತಕ್ಕಮಟ್ಟಿಗೆ ಬರಹಕ್ಕೆ ಬಂದಿದೆ. ಗೋಕರ್ಣದ ಭದ್ರಕಾಳಿ ಹೈಸ್ಕೂಲಿನ ಗೌರೀಶ ಕಾಯ್ಕಿಣಿ ಮಾಸ್ತರರ ಬಗ್ಗೆ ಇವತ್ತಿಗೂ ಜನ ಬರೆಯುತ್ತಾರೆ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದ ದಿನಕರ ದೇಸಾಯಿ ನಿಮ್ಮ ತಾಲೂಕಿನವರೇ. ಅವರ ಬದುಕೂ ಪುಸ್ತಕಗಳಲ್ಲಿದೆ. ಒಂದನೇ ಕ್ಲಾಸಿನ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ಅಕ್ಕೋರುಗಳ ಪಾಲಿಗೆ ಬಂದದ್ದು ನಿಧನ ಸುದ್ದಿಯ ನಾಲ್ಕು ಸಾಲು ಮಾತ್ರ. ಶಾಲೆಗೆ ಹೋಗದ, ಜನಪದ ಹಾಡಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ, ಗಿಡ ಮರ ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡ, ಇಬ್ಬರೂ ಅಂಕೋಲಾ ತಾಲೂಕಿನವರೇ. ಅವರ ಬದುಕು ನಮಗೆ ಇಷ್ಟು ವಿವರವಾಗಿ ಗೊತ್ತಿದೆ ಅಂದರೆ ಯಾರೋ ಅವರ ಅಂಗಳಕ್ಕೆ ಹೋಗಿ, ಕೂತು, ಕೇಳಿ, ಬರೆದುಕೊಂಡರು. ಜೀವನವಿಡೀ ಬರೆಯುವುದನ್ನೇ ಕಲಿಸಿದ ನಿಮ್ಮ ಅಜ್ಜಿಯ ಹತ್ತಿರ ಯಾರೂ ಹಾಗೆ ಹೋಗಲಿಲ್ಲ, ಅಲ್ವಾ?

ಮೊದಲ ಕೆಲಸ ಟ್ರಂಕು ತೆಗೆಯುವುದು. ಸರ್ಕಾರಿ ಕೆಲಸದಲ್ಲಿದ್ದವರು ಕಾಗದ ಎಸೆಯುವುದಿಲ್ಲ, ಅದರಲ್ಲೂ ಆ ತಲೆಮಾರಿನ ಶಿಕ್ಷಕಿಯರು ಎಸೆಯುವುದೇ ಇಲ್ಲ. ನೇಮಕಾತಿ ಆದೇಶ, ವರ್ಗಾವಣೆ ಆದೇಶ, ಒಂದು ಶಾಲೆಯಿಂದ ಬಿಡುಗಡೆಯಾದ ಮತ್ತು ಇನ್ನೊಂದಕ್ಕೆ ಹಾಜರಾದ ಚೀಟಿಗಳು, ಪ್ರತಿ ವರ್ಗಾವಣೆಗೂ ಕೊಡುವ ಸಂಬಳದ ಪ್ರಮಾಣಪತ್ರವಾದ ಎಲ್‌ಪಿಸಿ, ಸರ್ಕಾರಿ ನೌಕರರ ಕೆಜಿಐಡಿ ವಿಮೆಯ ಬಾಂಡ್, ಪಿಂಚಣಿ ಆದೇಶದ ಪುಸ್ತಕ, ಇವಿಷ್ಟರಲ್ಲಿ ಅರ್ಧ ಸಿಕ್ಕರೂ ಸಾಕು. ಸೇವಾ ಪುಸ್ತಕದ ಜೆರಾಕ್ಸ್ ಸಿಕ್ಕರಂತೂ ನಿಮ್ಮ ಅದೃಷ್ಟ. ಯಾವ ಊರು, ಎಷ್ಟು ವರ್ಷ, ಮೊದಲ ಸಂಬಳ ಎಷ್ಟು, ಪ್ರತಿ ಇನ್‌ಕ್ರಿಮೆಂಟು, ಎಲ್ಲ ಅದರಲ್ಲಿರುತ್ತದೆ. ರಜೆಯ ಲೆಕ್ಕವನ್ನು ಬಿಡದೆ ಓದಿ. ನಿಮ್ಮ ಅಪ್ಪ ಹುಟ್ಟಿದ್ದು ಅಲ್ಲಿ ಹೆರಿಗೆ ರಜೆಯಾಗಿ ದಾಖಲಾಗಿರುತ್ತದೆ. ರಜೆ ಮುಗಿಸಿ ಯಾವ ತಾರೀಕಿಗೆ ಮತ್ತೆ ಶಾಲೆಗೆ ಹಾಜರಾದರು ಎಂಬುದೂ ಇರುತ್ತದೆ. ಆಗ ಕೂಸು ಎಷ್ಟು ತಿಂಗಳಿನದು, ಮನೆಯಲ್ಲಿ ಯಾರು ನೋಡಿಕೊಂಡರು? ಒಂದು ತಾರೀಕು ಇಷ್ಟು ಪ್ರಶ್ನೆ ಹುಟ್ಟಿಸುತ್ತದೆ.

ಗೋಡೆಯ ಮೇಲೆ ಬೀಳ್ಕೊಡುಗೆಯ ಮಾನಪತ್ರ ನೇತಾಡುತ್ತಿರಬಹುದು. ಅದರ ಮಾತುಗಳನ್ನು ಪುಸ್ತಕಕ್ಕೆ ಎತ್ತಿಕೊಳ್ಳಬೇಡಿ. ಅದನ್ನು ಬರೆದವರು ಯಾರಿಗೆ ಬೇಕಾದರೂ ಅದನ್ನೇ ಬರೆಯುತ್ತಿದ್ದರು. ಆದರೆ ಕೆಳಗಿನ ಸಹಿಗಳನ್ನು ನೋಡಿ. ಆ ವರ್ಷದ ಮುಖ್ಯಾಧ್ಯಾಪಕರು, ಜೊತೆಯ ಶಿಕ್ಷಕರು, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು. ನೀವು ಮಾತಾಡಿಸಬೇಕಾದವರ ಪಟ್ಟಿ ಅದೇ.

ಈಗ ಎರಡು ಹುಟ್ಟಿದ ದಿನದ ವಿಷಯ. ದಾಖಲೆಯಲ್ಲಿ 1944ರ ಜೂನ್ 1 ಎಂದು ಇರಬೇಕು ಅಂತ ನನ್ನ ಊಹೆ. 2002ಕ್ಕೆ 58 ತುಂಬಿ ನಿವೃತ್ತರಾದರು ಅಂದರೆ ವರ್ಷ ಅದೇ ಆಗುತ್ತದೆ. ನಿವೃತ್ತಿ ವಯಸ್ಸು 60 ಆದದ್ದು 2008ರಲ್ಲಿ. ಜೂನ್ 1 ಯಾಕೆಂದರೆ, ಶಾಲೆಗೆ ಸೇರಿಸಲು ಬಂದವರಿಗೆ ತಾರೀಕು ಗೊತ್ತಿಲ್ಲದಿದ್ದರೆ ಮಾಸ್ತರರು ಶಾಲೆ ಶುರುವಾಗುವ ದಿನವನ್ನೇ ಬರೆದುಬಿಡುತ್ತಿದ್ದರು. ನಾಡಿನ ಒಂದು ತಲೆಮಾರು ಪೂರ್ತಿ ಜೂನ್ ಒಂದಕ್ಕೆ ಹುಟ್ಟಿದೆ! ತಿಂಗಳ ಒಂದನೇ ತಾರೀಕಿಗೆ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕು ಎಂಬುದು ನಿಯಮ. ಅದಕ್ಕೇ ಮೇ 31ರಂದು ಅಷ್ಟೊಂದು ಶಿಕ್ಷಕರಿಗೆ ಬೀಳ್ಕೊಡುಗೆ. ನಿಜವಾದ ದಿನ ಬೇಕಾದರೆ ಜಾತಕ ಹುಡುಕಿ. ಅದರಲ್ಲಿ ಇಸವಿ ಇರದೆ ಸಂವತ್ಸರ ಮಾತ್ರ ಇದ್ದರೆ ಗಾಬರಿ ಬೇಡ. ತಾರಣ ಸಂವತ್ಸರ ಅಂದರೆ 1944ರ ಯುಗಾದಿಯಿಂದ 1945ರ ಯುಗಾದಿವರೆಗೆ. ಹಿಂದಿನದು ಸ್ವಭಾನು, ಮುಂದಿನದು ಪಾರ್ಥಿವ. ಮಾಸ, ತಿಥಿ ಗೊತ್ತಿದ್ದರೆ ಹಳೆ ಪಂಚಾಂಗ ನೋಡುವ ಯಾರಾದರೂ ತಾರೀಕು ತೆಗೆದುಕೊಡುತ್ತಾರೆ. ಪುಸ್ತಕದಲ್ಲಿ ಎರಡನ್ನೂ ಹಾಕಿ. ಶಾಲೆಯ ದಿನ ಒಂದು, ಮನೆಯ ದಿನ ಒಂದು.

ಹೆಸರಿನ ವಿಷಯದಲ್ಲೂ ಹೀಗೇ ಆಗಿರಬಹುದು, ನೋಡಿಕೊಳ್ಳಿ. ಕರಾವಳಿಯ ಹಲವು ಜಾತಿಗಳಲ್ಲಿ ಮದುವೆಯ ದಿನ ಹುಡುಗಿಯ ಅಡ್ಡಹೆಸರಿನ ಜೊತೆಗೆ ಕರೆಯುವ ಹೆಸರೂ ಬದಲಾಗುತ್ತಿತ್ತು. ಮದುವೆಗೆ ಮೊದಲೇ ಪರೀಕ್ಷೆ ಪಾಸಾದವರ ಸರ್ಟಿಫಿಕೇಟಿನಲ್ಲಿ ಒಬ್ಬ ಹುಡುಗಿ, ಸೇವಾ ಪುಸ್ತಕದಲ್ಲಿ ಇನ್ನೊಬ್ಬ ಹೆಂಗಸು ಇರುತ್ತಾರೆ. ತವರಿನ ಹೆಸರು ಪುಸ್ತಕದ ಮೊದಲ ಪುಟದಲ್ಲೇ ಬರಲಿ. ಆ ಹೆಸರಿನಿಂದ ಅವರನ್ನು ಕರೆಯುತ್ತಿದ್ದ ಒಬ್ಬರಾದರೂ ಬದುಕಿದ್ದರೆ, ತಂಗಿಯೋ, ತವರಿನ ಓಣಿಯ ಗೆಳತಿಯೋ, ಅವರ ಮನೆಗೆ ಮೊದಲು ಹೋಗಿ.

1944ರಲ್ಲಿ ಹುಟ್ಟಿದವರು ಅಂದಮೇಲೆ ಅಜ್ಜಿಯ ಬಾಲ್ಯದ ಶಾಲೆ ಮುಂಬಯಿ ರಾಜ್ಯದ್ದು. ನಮ್ಮ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಹೋಗಿತ್ತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಅಜ್ಜಿಗೆ ಆಗ ಹನ್ನೆರಡು ವರ್ಷ. ಮರುವರ್ಷ ಏಪ್ರಿಲಿನಲ್ಲಿ ಆಣೆ ಹೋಗಿ ಹೊಸ ಪೈಸೆ ಬಂತು. ಮನೆಯವರ ಬಾಯಲ್ಲಿ ‘ಮುಲ್ಕಿ ಪಾಸು’, ‘ಬೋರ್ಡ್ ಶಾಲೆ’ ಎಂಬ ಮಾತು ಬಂದರೆ ಅದು ಆ ಕಾಲದ್ದು. ಮುಲ್ಕಿ ಅಂದರೆ ಏಳನೇ ತರಗತಿಯ ಕೊನೆಯ ಪರೀಕ್ಷೆ. ಬೋರ್ಡ್ ಅಂದರೆ ಶಾಲೆ ನಡೆಸುತ್ತಿದ್ದ ಜಿಲ್ಲಾ ಸ್ಕೂಲ್ ಬೋರ್ಡು. ಇಂಥ ಮಾತನ್ನು ಒಂದು ಸಾಲಿನಲ್ಲಿ ಬಿಡಿಸಿ ಹೇಳಿ, ಮುಂದೆ ಹೋಗಿ. ಮೊಮ್ಮಕ್ಕಳಿಗೆ ಇತಿಹಾಸದ ಪಾಠ ಬೇಡ. ಅಜ್ಜಿ ಕಲಿತದ್ದು ಆಣೆ ಲೆಕ್ಕ, ಕಲಿಸಿದ್ದು ಪೈಸೆ ಲೆಕ್ಕ ಅಂತ ತಿಳಿದರೆ ಸಾಕು.

ಆಮೇಲೆ ಅವರು ಕೆಲಸ ಮಾಡಿದ ಶಾಲೆಗಳಿಗೆ ಹೋಗಿ. ಇದನ್ನು ಫೋನಿನಲ್ಲಿ ಮುಗಿಸಬೇಡಿ. ನಮ್ಮ ಜಿಲ್ಲೆಯಲ್ಲಿ ಶಾಲೆಗೆ ಹೋಗುವ ದಾರಿಯೇ ಅರ್ಧ ಕಥೆ. ಕರಾವಳಿಯಲ್ಲಿ ತಾರಿ (ಹೊಳೆ ದಾಟಿಸುವ ದೋಣಿ) ದಾಟಬೇಕು. ಘಟ್ಟದ ಮೇಲೆ ಮಳೆಗಾಲದಲ್ಲಿ ಹಳ್ಳಕ್ಕೆ ಹಾಕಿದ ಸಂಕ (ಮರದ ಕಾಲುಸೇತುವೆ) ದಾಟಬೇಕು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಪ್ಪಲಿ. ಸೇತುವೆಯಾಗುವ ಮೊದಲು ಕಾರವಾರದ ಕೋಡಿಬಾಗದಿಂದ ಸದಾಶಿವಗಡಕ್ಕೂ ಕಾಳಿ ನದಿಯಲ್ಲಿ ದೋಣಿಯೇ ಗತಿಯಾಗಿತ್ತು. ಆ ಸೇತುವೆಯೂ 2024ರ ಆಗಸ್ಟಿನಲ್ಲಿ ಕುಸಿದು ಬಿತ್ತು. ಅಘನಾಶಿನಿಯಿಂದ ತದಡಿಗೆ ತಾರಿ ಹೋಗುವುದನ್ನು ನೀವೇ ಕಂಡಿರಬಹುದು. ಅಜ್ಜಿ ಎಲ್ಲಿ ಬಸ್ಸು ಇಳಿಯುತ್ತಿದ್ದರು, ಎಲ್ಲಿಂದ ನಡೆಯುತ್ತಿದ್ದರು, ಮಳೆಯಲ್ಲಿ ಯಾರ ಮನೆಯ ಜಗಲಿಯಲ್ಲಿ ನಿಲ್ಲುತ್ತಿದ್ದರು, ಇದನ್ನು ಆ ದಾರಿಯ ಮನೆಗಳಲ್ಲಿ ಕೇಳಿ. ಹೇಳುವವರು ಇರುತ್ತಾರೆ. ‘ಅಕ್ಕೋರು ನಮ್ಮನೇಲೇ ಸೀರೆ ಬದಲಾಯಿಸಿಕೊಂಡು ಶಾಲೆಗೆ ಹೋಗ್ತಿದ್ರು’ ಎನ್ನುವ ಒಂದು ಮಾತು ಸಿಕ್ಕರೆ, ಅದು ಎರಡು ಪುಟ ಹೊಗಳಿಕೆಗಿಂತ ಮೇಲು.

ಕೆಲವು ಶಾಲೆಗಳೇ ಈಗ ಇರಲಿಕ್ಕಿಲ್ಲ. ಹೊಸದಾಗಿ ಸೇರಿದವರನ್ನು ಸೂಪಾ ಕಡೆಗೆ ಹಾಕುವುದು ಒಂದು ಕಾಲಕ್ಕೆ ನಮ್ಮಲ್ಲಿ ಮಾಮೂಲಾಗಿತ್ತು. ಹಳೆ ಸೂಪಾ ಊರೇ ಕಾಳಿ ಅಣೆಕಟ್ಟಿನ ನೀರಿನಡಿ ಹೋಯಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಕಾರವಾರ, ಅಂಕೋಲಾ ನಡುವಿನ ಅರ್ಗಾದಂಥ ಊರುಗಳ ಜನ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಎದ್ದರು. ಅದರ ಶಿಲಾನ್ಯಾಸವಾದದ್ದು 1986ರಲ್ಲಿ. ಊರು ಹೋದರೆ ಹಳೆ ವಿದ್ಯಾರ್ಥಿಗಳೂ ಚದುರಿ ಹೋಗಿರುತ್ತಾರೆ. ಅವರನ್ನು ಪುನರ್ವಸತಿ ಕಾಲೊನಿಗಳಲ್ಲಿ ಹುಡುಕಬೇಕಾಗುತ್ತದೆ. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಾದರೆ ಹಳೆ ರಿಜಿಸ್ಟರುಗಳು ಪಕ್ಕದ ಊರಿನ ಶಾಲೆಯಲ್ಲಿವೆಯೇ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ನಮ್ಮದು ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಗೆ ಎರಡು. ಕರಾವಳಿಯ ತಾಲೂಕುಗಳು ಕಾರವಾರಕ್ಕೆ, ಘಟ್ಟದ ಮೇಲಿನವು ಶಿರಸಿಗೆ. ಅಜ್ಜಿ ಎರಡೂ ಕಡೆ ಕೆಲಸ ಮಾಡಿದ್ದರೆ ಎರಡೂ ಕಡೆ ಓಡಾಡಲು ತಯಾರಿರಿ. ದಾಖಲಾತಿ ರಿಜಿಸ್ಟರು ನೋಡಲು ಬಿಟ್ಟರೆ ಹೆಸರುಗಳನ್ನು ನಿಮಗಾಗಿ ಬರೆದುಕೊಳ್ಳಿ. ಆ ಪುಟದ ಫೋಟೋವನ್ನು ಮಾತ್ರ ಪುಸ್ತಕಕ್ಕೆ ಹಾಕಬೇಡಿ. ಅದರಲ್ಲಿ ಬೇರೆಯವರ ಮಕ್ಕಳ ಜಾತಿ, ಅಪ್ಪನ ಕೆಲಸ ಎಲ್ಲ ಇರುತ್ತದೆ.

ಹಳೆ ವಿದ್ಯಾರ್ಥಿಗಳನ್ನು ಮಾತಾಡಿಸುವುದು ಸುಲಭ ಅನಿಸುತ್ತದೆ, ಆದರೆ ಅಲ್ಲ. ‘ನಮ್ಮ ಅಜ್ಜಿ ಹೇಗಿದ್ದರು?’ ಎಂದು ಮೊಮ್ಮಗ ಬಂದು ಕೇಳಿದರೆ ಯಾರಾದರೂ ಏನು ಹೇಳುತ್ತಾರೆ? ‘ದೇವರಂಥವರು’ ಅನ್ನುತ್ತಾರೆ. ಕಾಫಿ ಕೊಡುತ್ತಾರೆ. ನೀವು ಖಾಲಿ ಕೈಯಲ್ಲಿ ಬರುತ್ತೀರಿ. ಅದಕ್ಕೆ ಹಾಗೆ ಕೇಳಲೇಬೇಡಿ. ವಸ್ತುವಿನ ಬಗ್ಗೆ ಕೇಳಿ. ಪಾಟಿ ಒರೆಸಲು ಏನು ತರುತ್ತಿದ್ದಿರಿ? ನೀವು ಕೂರುತ್ತಿದ್ದದ್ದು ಎಲ್ಲಿ, ಅಕ್ಕೋರ ಖುರ್ಚಿ ಎಲ್ಲಿತ್ತು? ಉಪ್ಪಿಟ್ಟು ಕೊಡುತ್ತಿದ್ದ ಕಾಲವಾ? ಅದನ್ನು ಬೇಯಿಸುತ್ತಿದ್ದವರು ಯಾರು, ಬಡಿಸುತ್ತಿದ್ದವರು ಯಾರು? (ಅಕ್ಷರ ದಾಸೋಹದ ಬಿಸಿಯೂಟ ನಮ್ಮ ಕಡೆ ಬರುವ ಹೊತ್ತಿಗೆ ಅಜ್ಜಿ ನಿವೃತ್ತರಾಗಿದ್ದರು. ಅದಕ್ಕೂ ಮೊದಲಿನ ಹಾಲಿನ ಪುಡಿ, ಉಪ್ಪಿಟ್ಟಿನ ಕಾಲ ಅವರದು.) ಒಬ್ಬರೇ ನಾಲ್ಕು ತರಗತಿ ನೋಡುತ್ತಿದ್ದರೆ, ಒಂದನೆಯವರಿಗೆ ಕಲಿಸುವಾಗ ನಾಲ್ಕನೆಯವರು ಏನು ಮಾಡುತ್ತಿದ್ದರು? ಪೆಟ್ಟು ಬಿದ್ದದ್ದು ಯಾವುದಕ್ಕೆ? ಈ ಕೊನೆಯ ಪ್ರಶ್ನೆಗೆ ಎಲ್ಲರ ಬಳಿಯೂ ಉತ್ತರವಿರುತ್ತದೆ. ನಗುತ್ತಲೇ ಹೇಳುತ್ತಾರೆ.

ಇಸವಿ ಕೇಳಿದರೆ ತಪ್ಪು ಹೇಳುತ್ತಾರೆ. ಬೇಕೆಂದು ಅಲ್ಲ, ನೆನಪು ಇಸವಿಯಲ್ಲಿ ಕೂರುವುದಿಲ್ಲ. ಅದರ ಬದಲು ಎಲ್ಲರಿಗೂ ಗೊತ್ತಿರುವ ಘಟನೆಗೆ ಕಟ್ಟಿ ಕೇಳಿ. ಇಂದಿರಾ ಗಾಂಧಿ ತೀರಿಕೊಂಡು ಶಾಲೆಗೆ ರಜೆ ಕೊಟ್ಟಾಗ ನೀವು ಎಷ್ಟನೇ ಕ್ಲಾಸು? ಅದು 1984. ಕೊಂಕಣ ರೈಲು ಓಡಲು ಶುರುವಾದ ಮೇಲೋ ಮೊದಲೋ? ಅದು 1998. ಶಿರಸಿ ಕಡೆಯವರಾದರೆ ಸಾಲ್ಕಣಿಯಲ್ಲಿ ಕಾಡು ಕಡಿಯುವುದನ್ನು ತಡೆಯಲು ಮರ ತಬ್ಬಿಕೊಂಡ ಅಪ್ಪಿಕೋ ಗಲಾಟೆ, 1983. ಇಲ್ಲವೇ ಎರಡು ವರ್ಷಕ್ಕೊಮ್ಮೆ ಬರುವ ಮಾರಿ ಜಾತ್ರೆಯ ಲೆಕ್ಕ. ಶಿಕ್ಷಕಿಗೇ ಹೊಂದುವ ಇನ್ನೊಂದು ಗುರುತೂ ಇದೆ, ಅದು ಜನಗಣತಿ. 1971, 1981, 1991, 2001. ಮನೆ ಮನೆಗೆ ಹೋಗಿ ತಲೆ ಎಣಿಸಿ ಬರುವುದು ಶಿಕ್ಷಕರ ಪಾಲಿನ ಕೆಲಸವಾಗಿತ್ತು. ಊರಿನ ಯಾವ ಮನೆಯಲ್ಲಿ ಎಷ್ಟು ಜನ, ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ, ಯಾರ ಮನೆಯ ಒಲೆ ಹೊತ್ತಿಲ್ಲ, ಅಜ್ಜಿಗೆ ಗೊತ್ತಿರುತ್ತಿತ್ತು ಅಂದರೆ ಅದರಲ್ಲಿ ಈ ಕೆಲಸದ ಪಾಲೂ ಇದೆ. ಚುನಾವಣೆ ಡ್ಯೂಟಿಯ ಬಗ್ಗೆಯೂ ಕೇಳಿ. ಮತಪೆಟ್ಟಿಗೆ ಕಾದುಕೊಂಡು ಯಾವುದೋ ಊರಿನ ಶಾಲೆಯಲ್ಲಿ ರಾತ್ರಿ ಕಳೆದ ಕಥೆ ಇಲ್ಲದ ಶಿಕ್ಷಕಿಯರು ಕಡಿಮೆ.

ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ, ಮೊದಲೇ ಕೇಳಿ ಒಪ್ಪಿಗೆ ಪಡೆದು. ಫೋನಿನ ರೆಕಾರ್ಡರ್ ಸಾಕು. ಫೋನನ್ನು ಅವರ ಹತ್ತಿರ, ಬಟ್ಟೆಯ ಮೇಲೆ ಇಡಿ. ಫ್ಯಾನು ಆರಿಸಿ. ಅದೇ ದಿನ ಫೈಲಿಗೆ ಹೆಸರು, ತಾರೀಕು ಹಾಕಿ. ಇಲ್ಲದಿದ್ದರೆ ತಿಂಗಳು ಕಳೆದ ಮೇಲೆ ಯಾವುದು ಯಾರದೆಂದು ತಿಳಿಯದೆ ಒದ್ದಾಡುತ್ತೀರಿ. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರಿಂದ ಶುರು ಮಾಡಿ. ಅಜ್ಜಿಯ ಜೊತೆ ಕೆಲಸ ಮಾಡಿದ ಅಕ್ಕೋರುಗಳು ಯಾರಾದರೂ ಇದ್ದರೆ ಅವರನ್ನು ಮುಂದಿನ ವಾರಕ್ಕೂ ಬಿಡಬೇಡಿ. ಇಬ್ಬರು ಅಕ್ಕೋರುಗಳು ಮಧ್ಯಾಹ್ನ ಬುತ್ತಿ ಬಿಚ್ಚಿ ಆಡಿದ ಮಾತು ವಿದ್ಯಾರ್ಥಿಗಳಿಗೂ ಗೊತ್ತಿಲ್ಲ, ಮನೆಗೂ ಗೊತ್ತಿಲ್ಲ.

ಶಾಲೆಯ ಭಾಗ ಇಷ್ಟಾದ ಮೇಲೆ ಮನೆಗೆ ಬನ್ನಿ. ‘ಅವರ ಮಾತು ಮೀರಿ ಏನೂ ನಡೆಯುತ್ತಿರಲಿಲ್ಲ’ ಎಂದಿದ್ದೀರಿ. ಅದು ಯಾವಾಗಿನಿಂದ? 1964ರಲ್ಲಿ ಕೆಲಸಕ್ಕೆ ಸೇರಿದ ಇಪ್ಪತ್ತರ ಹುಡುಗಿ, ಆಮೇಲೆ ಆ ಮನೆಗೆ ಸೊಸೆಯಾಗಿ ಬಂದವರು, ಬಂದ ದಿನವೇ ಮಾತು ನಡೆಸಿರಲಿಕ್ಕಿಲ್ಲ. ಆಗ ಅವರ ಅತ್ತೆ ಇದ್ದರು, ಮಾವ ಇದ್ದರು. ಸಂಬಳದ ಕವರು ಯಾರ ಕೈಗೆ ಹೋಗುತ್ತಿತ್ತು? ಮನೆಗೆ ಹಂಚು ಹಾಕಿಸಿದ್ದು, ಬಾವಿ ತೋಡಿಸಿದ್ದು, ಮೈದುನರ ಓದು, ನಾದಿನಿಯರ ಮದುವೆ, ಇದರಲ್ಲಿ ಎಷ್ಟು ಅವರ ಸಂಬಳದಿಂದ ಆಯಿತು? ನಾನು ನೋಡಿದ ನೆನಪಿನ ಪುಸ್ತಕಗಳಲ್ಲಿ ಗಂಡಸರ ಸಂಪಾದನೆಯ ಲೆಕ್ಕ ಇರುತ್ತದೆ. ಹೆಂಗಸರ ಸಂಪಾದನೆ ‘ಸಂಸಾರಕ್ಕೆ ಹೆಗಲು ಕೊಟ್ಟರು’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ತಿಂಗಳಿಗೆ ಸರಿಯಾಗಿ ಬರುವ ದುಡ್ಡು ಆ ಮನೆಯಲ್ಲಿ ಅವರದೊಂದೇ ಆಗಿದ್ದರೆ ಅದನ್ನು ಮುಚ್ಚುಮರೆ ಇಲ್ಲದೆ ಬರೆಯಿರಿ. ಅವರ ಮಾತಿಗೆ ಬೆಲೆ ಬಂದದ್ದು ಹೇಗೆ ಎಂಬುದು ಅಲ್ಲಿ ತಿಳಿಯುತ್ತದೆ. ಹಳೆ ಲೆಕ್ಕದ ಪುಸ್ತಕ ಸಿಕ್ಕರೆ ಅದರ ಒಂದು ಪುಟವನ್ನು ಹಾಗೇ ಫೋಟೋ ಹೊಡೆದು ಹಾಕಿ. ಅಕ್ಷರ ದುಂಡಗಿರುತ್ತದೆ, ಅದು ಗ್ಯಾರಂಟಿ.

ಅವರು ಶಾಲೆಗೆ ಹೋದಾಗ ಒಲೆ ಮುಂದೆ ಇದ್ದವರು ಯಾರು ಎಂಬುದನ್ನೂ ಬರೆಯಬೇಕು. ಕೆಲವು ಮನೆಯಲ್ಲಿ ಅತ್ತೆ, ಕೆಲವು ಕಡೆ ಓರಗಿತ್ತಿ, ಇನ್ನು ಕೆಲವು ಕಡೆ ಹಿರಿ ಮಗಳು. ನಿಮ್ಮ ಮನೆಯಲ್ಲಿ ಹೀಗೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕೆಲವು ವಿಷಯ ಬೇಡ ಎನ್ನುತ್ತಿರುವವರು ಹಿರಿ ಮಗಳೇ ಆದ್ದರಿಂದ ಒಂದು ಮಾತು. ಊರ ಮಕ್ಕಳಿಗೆಲ್ಲ ಅಮ್ಮನಾಗಿದ್ದ ಅಕ್ಕೋರ ಸ್ವಂತ ಮಗಳು ತಮ್ಮಂದಿರಿಗೆ ಗಂಜಿ ಬಡಿಸಿ, ತಾನು ಎರಡನೇ ಬೆಲ್ಲಿಗೆ ಶಾಲೆ ಸೇರಿದ್ದು ಎಷ್ಟೋ ಮನೆಗಳಲ್ಲಿ ಇದೆ. ಅಮ್ಮನದೇ ಕ್ಲಾಸಿನಲ್ಲಿ ಕೂತವರಿಗೆ ಇನ್ನೂ ಕಷ್ಟ. ಬೇರೆಯವರಿಗೆ ಒಂದು ಪೆಟ್ಟು ಬಿದ್ದರೆ ಅವರಿಗೆ ಎರಡು, ‘ಅಕ್ಕೋರು ಮಗಳಿಗೆ ಬಿಟ್ಟರು’ ಎಂದು ಯಾರೂ ಅನ್ನಬಾರದಲ್ಲ! ಇಂಥ ಮಗಳಿಗೆ ‘ಆದರ್ಶ ಶಿಕ್ಷಕಿ’ ಎಂಬ ಪುಸ್ತಕ ಕೈಗೆ ಕೊಟ್ಟರೆ ಏನನಿಸಬೇಕು?

ಅದಕ್ಕೆ ಅತ್ತೆಯನ್ನು ಒಪ್ಪಿಸಲು ಹೋಗಬೇಡಿ. ಒಂದು ದಿನ ಪೂರ್ತಿ ಅವರ ಹತ್ತಿರ ಕೂತು ಕೇಳಿ, ಏನು ಬರೆಯಬಾರದು, ಯಾಕೆ ಅಂತ. ಅವರು ಹೇಳುವುದರಲ್ಲಿ ಎರಡು ಬಗೆ ಇರುತ್ತದೆ. ಬದುಕಿರುವ ಯಾರಿಗೋ ನೋವಾಗುವ, ಮಾನ ಹೋಗುವ ಸಂಗತಿ ಒಂದು ಬಗೆ. ಆಸ್ತಿ ಪಾಲಿನ ಜಗಳ, ಯಾರದೋ ಮದುವೆ ಮುರಿದದ್ದು, ಯಾರದೋ ಕಾಯಿಲೆ. ಅವನ್ನು ಬಿಟ್ಟುಬಿಡಿ. ಅವು ಅಜ್ಜಿಯ ಕಥೆಯೇ ಅಲ್ಲ. ಅಜ್ಜಿ ಸ್ವಲ್ಪ ಚಿಕ್ಕವರಾಗಿ ಕಾಣುವ ಸಂಗತಿ ಇನ್ನೊಂದು ಬಗೆ. ಕೋಪ, ಹಟ, ಒಬ್ಬ ಮಗನ ಮೇಲೆ ಜಾಸ್ತಿ ಪ್ರೀತಿ, ಸೊಸೆಯಂದಿರ ಹತ್ತಿರ ಬಿಗಿ. ಇವು ಇರಲಿ. ಇವಿಲ್ಲದೆ ಓದುವವರಿಗೆ ಅವರು ಗುರುತೇ ಸಿಗುವುದಿಲ್ಲ. ಎರಡರ ನಡುವೆ ಸಿಕ್ಕಿಬಿದ್ದ ವಿಷಯವಿದ್ದರೆ ಅತ್ತೆಯ ಮಾತೇ ಕೊನೆ. ಯಾಕೆಂದರೆ ಪುಸ್ತಕ ಬಂದ ಮೇಲೂ ಆ ಊರಲ್ಲಿ ಇರುವವರು ಅವರು, ನೀವಲ್ಲ. ಅವರದೇ ಒಂದು ಬರಹ ಇರಲಿ, ಅವರ ಹೆಸರಿನಲ್ಲಿ, ಅವರು ಹೇಳಿದ ಹಾಗೆ. ಬರೆಯಲು ಆಗದಿದ್ದರೆ ಹೇಳಿಸಿ ನೀವು ಬರೆದುಕೊಳ್ಳಿ, ಓದಿ ತೋರಿಸಿ. ಅಮ್ಮನ ಮೇಲೆ ದೂರು ಇದ್ದರೆ ದೂರೂ ಬರಲಿ.

ಹೊಡೆತದ ವಿಷಯ ಬಂತಲ್ಲ, ಅದನ್ನು ಮುಚ್ಚಿಡುವವರೇ ಹೆಚ್ಚು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಲ್ಲೇ ನಿಷೇಧಿಸಿತು. ಅಜ್ಜಿ ಕಲಿಸಿದ ಕಾಲದಲ್ಲಿ ‘ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಹೊಡೀರಿ’ ಎಂದು ಅಪ್ಪಂದಿರೇ ಹೇಳಿ ಹೋಗುತ್ತಿದ್ದರು. ಅಜ್ಜಿ ಹೊಡೆಯುತ್ತಿದ್ದರೆ ಹೊಡೆಯುತ್ತಿದ್ದರು ಎಂದೇ ಬರೆಯಿರಿ. ಅದಕ್ಕೆ ಸಮರ್ಥನೆಯೂ ಬೇಡ, ಕ್ಷಮೆಯೂ ಬೇಡ. ಪೆಟ್ಟು ತಿಂದವರು ಏನೆನ್ನುತ್ತಾರೋ ಅದನ್ನು ಅವರ ಮಾತಿನಲ್ಲೇ ಹಾಕಿ. ಒಬ್ಬರು ‘ಅದರಿಂದಲೇ ಉದ್ಧಾರವಾದೆ’ ಎನ್ನುತ್ತಾರೆ, ಇನ್ನೊಬ್ಬರು ‘ಅದಕ್ಕೇ ಶಾಲೆ ಬಿಟ್ಟೆ’ ಎನ್ನುತ್ತಾರೆ. ಇಬ್ಬರೂ ಸಿಕ್ಕರೆ ಇಬ್ಬರನ್ನೂ ಹಾಕಿ. ಎರಡನೆಯವರನ್ನು ಹುಡುಕಿ ಮಾತಾಡಿಸುವುದು ಕಷ್ಟ, ಆದರೂ ಪ್ರಯತ್ನ ಮಾಡಿ.

ಅಜ್ಜಿ ಮನೆಯಲ್ಲಿ ಕೊಂಕಣಿಯೋ, ಊರಿನ ಕನ್ನಡವೋ ಆಡುತ್ತಿದ್ದರೆ ಅವರ ಮಾತುಗಳನ್ನು ಹಾಗೇ ಇಡಿ. ಅವರ ಬೈಗುಳವನ್ನು ಪುಸ್ತಕದ ಕನ್ನಡಕ್ಕೆ ತಿದ್ದಿದರೆ ಸಪ್ಪೆಯಾಗುತ್ತದೆ. ಅಡುಗೆಯ ವಿಷಯದಲ್ಲೂ ‘ಕೈರುಚಿ’ ಎಂದು ಬರೆದು ಬಿಡಬೇಡಿ. ಭಾನುವಾರ ಮಾತ್ರ ಮಾಡುತ್ತಿದ್ದದ್ದು ಏನು, ಇಶಾಡು ಮಾವು ಹಣ್ಣಾಗುವ ಮೇ ತಿಂಗಳ ರಜೆಯಲ್ಲಿ ಏನು ಮಾಡುತ್ತಿದ್ದರು, ಅಷ್ಟು ಬರೆಯಿರಿ. ಶಾಲೆಗೆ ಹೋಗುವ ಹೆಂಗಸಿಗೆ ಅಡುಗೆಯ ಕ್ಯಾಲೆಂಡರು ಬೇರೆಯೇ ಇರುತ್ತದೆ. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಎಲ್ಲ ಏಪ್ರಿಲ್, ಮೇ ರಜೆಯೊಳಗೇ ಮುಗಿಯಬೇಕು.

ಫೋಟೋಗಳ ಬಗ್ಗೆ ಸ್ವಲ್ಪ. ನಮ್ಮ ಮಳೆಗಾಲ ಕಾಗದಕ್ಕೆ ಶತ್ರು. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ಮನೆಗಳಿಗೆ ನೀರು ನುಗ್ಗಿದಾಗ ಎಷ್ಟು ಮನೆಗಳ ಆಲ್ಬಮ್ಮು ಹೋಯಿತೋ. ಹಳೆ ಫೋಟೋ ಪ್ಲಾಸ್ಟಿಕ್ಕಿಗೋ ಗಾಜಿಗೋ ಅಂಟಿದ್ದರೆ ಎಳೆಯಬೇಡಿ, ಚಿತ್ರದ ಮೇಲ್ಪದರವೇ ಕಿತ್ತು ಬರುತ್ತದೆ. ಅಂಟಿದ ಹಾಗೇ, ನೆರಳಿನಲ್ಲಿ, ಹಗಲು ಬೆಳಕಿನಲ್ಲಿ ಫ್ಲಾಶ್ ಇಲ್ಲದೆ ಫೋಟೋ ತೆಗೆಯಿರಿ. ಬಿಡಿ ಫೋಟೋಗಳನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. ಹಿಂಬದಿಯನ್ನೂ ಮಾಡಿಸಿ, ಸ್ಟುಡಿಯೋ ಮುದ್ರೆಯಿಂದ ಊರು ಪತ್ತೆಯಾಗುತ್ತದೆ. ಹೆಸರು ಬರೆಯುವುದಾದರೆ ಮೆತ್ತಗಿನ ಪೆನ್ಸಿಲ್ಲಿನಲ್ಲಿ, ಬಾಲ್‌ಪೆನ್ ಬೇಡ. ಶಾಲೆಯ ಗ್ರೂಪ್ ಫೋಟೋವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ಪ್ರತಿ ತಲೆಗೂ ನಂಬರು ಹಾಕಿ, ಹಳೆ ವಿದ್ಯಾರ್ಥಿಗಳ ಮುಂದೆ ಇಡಿ. ಒಬ್ಬರಿಂದ ನಾಲ್ಕು ಹೆಸರು, ಇನ್ನೊಬ್ಬರಿಂದ ಆರು. ಬಾಯಿ ಬಿಡದವರೂ ಫೋಟೋ ನೋಡಿದರೆ ಮಾತಾಡುತ್ತಾರೆ.

ಬರೆಯುವಾಗ ‘ಜನನ, ಬಾಲ್ಯ, ವಿವಾಹ, ವೃತ್ತಿ’ ಎಂಬ ಕ್ರಮ ಬೇಕಿಲ್ಲ. ತಾರೀಕುಗಳನ್ನೆಲ್ಲ ಒಂದು ಪುಟದಲ್ಲಿ ಸಾಲಾಗಿ ಹಾಕಿಬಿಡಿ. ಉಳಿದ ಪುಟಗಳು ಬಿಡುವಾಗುತ್ತವೆ. ಶಾಲೆಯ ಒಂದು ದಿನವನ್ನು, ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಕ್ಕಳ ನೋಟುಬುಕ್ಕು ತಿದ್ದಿ ಮಲಗುವ ತನಕ, ಸಿಕ್ಕ ಸಾಕ್ಷ್ಯದಿಂದಲೇ ಕಟ್ಟಿದರೆ ಪುಸ್ತಕದ ಜೀವ ಅದೇ ಆಗುತ್ತದೆ. ಗಣ್ಯರ ಸಂದೇಶಗಳಿಗೆ ಹೋಗಬೇಡಿ. ಅಜ್ಜಿಯನ್ನು ನೋಡಿಯೇ ಇರದವರ ಫೋಟೋ ಮತ್ತು ಸಹಿ ಮೊದಲ ಹತ್ತು ಪುಟ ತಿನ್ನುತ್ತವೆ.

ಅಚ್ಚಿನ ವಿಷಯ ಬೇಗ ಮುಗಿಸುತ್ತೇನೆ. ಒಂದಿನ್ನೂರು ಪ್ರತಿಯ ಒಳಗೆ ಬೇಕಾದರೆ ಡಿಜಿಟಲ್ ಪ್ರಿಂಟ್ ಸಾಕು. ನೀವು ಯೂನಿಕೋಡಿನಲ್ಲಿ ಟೈಪ್ ಮಾಡಿ ಕೊಟ್ಟದ್ದನ್ನು ಡಿಟಿಪಿಯವರು ನುಡಿ ಫಾಂಟಿಗೆ ಬದಲಾಯಿಸಿಕೊಳ್ಳುವುದಿದೆ. ಆಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಒಡೆಯುತ್ತವೆ. ಆದ್ದರಿಂದ ಪ್ರೂಫ್ ನೋಡಬೇಕಾದದ್ದು ಬದಲಾಯಿಸಿದ ಮೇಲೆ, ಮೊದಲಲ್ಲ. ಅಕ್ಕೋರ ಪುಸ್ತಕದಲ್ಲಿ ಕಾಗುಣಿತ ತಪ್ಪಿದರೆ ಊರಿನ ಹಳೆ ವಿದ್ಯಾರ್ಥಿಗಳು ಸುಮ್ನೆ ಬಿಡುವುದಿಲ್ಲ. ಯೂನಿಕೋಡ್ ಫೈಲನ್ನು ಜೋಪಾನ ಮಾಡಿ. ಅವರು ಕಲಿಸಿದ ಪ್ರತಿ ಶಾಲೆಗೂ, ತಾಲೂಕು ಲೈಬ್ರರಿಗೂ ಒಂದೊಂದು ಪ್ರತಿ ಕೊಡಿ.

ವರ್ಷಾಂತಿಕಕ್ಕೆ ಪುಸ್ತಕ ಆಗದಿದ್ದರೆ ಆ ದಿನಕ್ಕೆ ತಾರೀಕಿನ ಆ ಒಂದು ಪುಟ, ನಾಲ್ಕು ಫೋಟೋ, ಅತ್ತೆಯ ಬರಹ, ಇಷ್ಟನ್ನು ಎಂಟು ಪುಟ ಮಾಡಿ ಹಂಚಿ. ಕೊನೆಯಲ್ಲಿ ಒಂದು ಪುಟ ಖಾಲಿ ಬಿಟ್ಟು ನಿಮ್ಮ ಫೋನ್ ನಂಬರು ಹಾಕಿ, ‘ನಿಮಗೆ ಗೊತ್ತಿರುವುದನ್ನು ತಿಳಿಸಿ’ ಅಂತ. ಊಟ ಮುಗಿದು ಎಲೆ ತೆಗೆಯುವ ಹೊತ್ತಿಗೇ ಯಾರಾದರೂ ಬಂದು ‘ಇಲ್ಲಿ ತಪ್ಪಾಗಿದೆ, ಅಕ್ಕೋರು ಆ ವರ್ಷ ನಮ್ಮೂರಲ್ಲಿದ್ದರು’ ಎಂದು ಜಗಳ ತೆಗೆಯುತ್ತಾರೆ. ಅವರ ಹೆಸರು ಬರೆದುಕೊಳ್ಳಿ, ಮರುದಿನ ಅವರ ಮನೆಗೆ ಹೋಗಿ.